ಗಾಜಿನೊಳಗಿನ ಕಾವಲಪ್ಪ

ವಿಮಾನ ನಿಲ್ದಾಣದ ರಸ್ತೆಗೆ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲದಲ್ಲಿ, ಕೊಡಿಗೇಹಳ್ಳಿಯ ಅರಳಿಕಟ್ಟೆ ಒಡೆಯಲು ಬಂದ ಜೆಸಿಬಿಯ ಮುಂದೆ ದ್ರೌಪದಮ್ಮ ಎಂಬ ಹೆಂಗಸು ಕಾಲು ಚಾಚಿ ಕೂತುಬಿಟ್ಟಿದ್ದಳು. ಕಟ್ಟೆಯ ಮೇಲೆ ಅವಳ ಮನೆತನದವರು ನಡೆದುಕೊಳ್ಳುವ ವೀರಗಲ್ಲು ಇತ್ತು. ಊರ ದನ ಹೊಡೆದುಕೊಂಡು ಹೋಗುತ್ತಿದ್ದ ಕಳ್ಳರನ್ನು ಅಡ್ಡಗಟ್ಟಿ ಸತ್ತವನೊಬ್ಬನ ಕಲ್ಲು. ಊರವರ ಬಾಯಲ್ಲಿ ಕಾವಲಪ್ಪ. ಅವಳನ್ನು ಅಲ್ಲಿಂದ ಎಬ್ಬಿಸಿದವರು ಶಾಲೆಯ ಡ್ರಾಯಿಂಗ್ ಮೇಷ್ಟ್ರು ವೆಂಕಟಸ್ವಾಮಿ. ಕಲ್ಲನ್ನು ಜೋಪಾನ ಮಾಡುತ್ತೇನೆ, ಯುಗಾದಿ ಕಳೆದ ಮೊದಲ ಮಂಗಳವಾರ ನಿಮ್ಮ ಮನೆಯ ತಂಬಿಟ್ಟಿನಾರತಿ ಅದರ ಮುಂದೆ ತಪ್ಪದೆ ಬೆಳಗುವಂತೆ ನೋಡಿಕೊಳ್ಳುತ್ತೇನೆ ಎಂದು ಅವರು ಎಲ್ಲರ ಎದುರಿಗೆ ಮಾತು ಕೊಟ್ಟರು. ದ್ರೌಪದಮ್ಮ ಸೆರಗು ಕೊಡವಿಕೊಂಡು ಎದ್ದಳು.

ಇನ್‌ಸ್ಪೆಕ್ಟರ್ ಆಶಾರಾಣಿಗೆ ಈ ಮಾತಿನ ವಿಷಯ ಗೊತ್ತಾಗುವ ಹೊತ್ತಿಗೆ ಕಲ್ಲು ಕಳುವಾಗಿ ನಾಲ್ಕು ದಿನ ಆಗಿತ್ತು.

ದೂರು ಠಾಣೆಗೆ ಬಂದದ್ದು ಯುಗಾದಿಯ ಮರುದಿನ, ಮಾರ್ಚ್ 20, ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ. ತಂದವನು ಮುನೇಶ್, ಕೊಡಿಗೇಹಳ್ಳಿ ಪರಂಪರೆ ಭವನದ ಮ್ಯಾನೇಜರ್. ಮಗಳ ಹತ್ತನೇ ತರಗತಿ ಪರೀಕ್ಷೆಗೆ ಡಬ್ಬಿ ಕಟ್ಟಿ, ಆಟೋ ಹತ್ತಿಸಿ, ತಾನು ತಿಂಡಿ ತಿನ್ನದೆ ಬಂದಿದ್ದ ಆಶಾರಾಣಿ ಅವನನ್ನು ಕೂರಲು ಹೇಳಿದಳು. ಅವನು ಕೂರಲಿಲ್ಲ. ಭವನ ಬುಧವಾರ ಉದ್ಘಾಟನೆ, ಮಂತ್ರಿಗಳು ಬರುತ್ತಾರೆ, ವಿಮಾನ ನಿಲ್ದಾಣದ ಹೋಟೆಲುಗಳಿಂದ ಪ್ರವಾಸಿ ಬಸ್ಸು ಅವತ್ತಿನಿಂದಲೇ ಶುರು, ಬಸ್ಸಿನ ಮೈಮೇಲೆ ಬರೆಸಿರುವ ಚಿತ್ರವೇ ಈ ಕಲ್ಲಿನದು ಎಂದು ಒಂದೇ ಉಸಿರಿಗೆ ಹೇಳಿದ. ಗೈಡುಗಳೆಂದು ತರಬೇತಿ ಕೊಟ್ಟಿದ್ದ ಹುಡುಗಿಯರೆಲ್ಲ ಊರಿನವರೇ. ಅಂಗಡಿ ಸಾಲು ಸ್ತ್ರೀಶಕ್ತಿ ಸಂಘದವರದು.

"ನಾನೂ ಇದೇ ಊರೋನು ಮೇಡಂ. ಕಲ್ಲಿಲ್ಲ ಅಂದ್ರೆ ಭವನ ನಡೆಸೋ ಕಂಪನಿಯೋರು ಗುತ್ತಿಗೆ ಬಿಟ್ಟು ಹೋಗ್ತಾರೆ. ಆಮೇಲೆ ನಾನು ಈ ಬೀದೀಲಿ ಓಡಾಡೋ ಹಂಗಿಲ್ಲ."

ಬಿಎನ್‌ಎಸ್ 305ನೇ ಕಲಮಿನಡಿ ಕಳವಿನ ಎಫ್‌ಐಆರ್ ದಾಖಲಾಯಿತು. ಅದರ ಪ್ರತಿ ಪ್ರಿಂಟರಿನಿಂದ ಹೊರಬರುವುದಕ್ಕೆ ಮೊದಲೇ ಎಸಿಪಿ ಸಾಹೇಬರ ಫೋನು ಬಂತು. ಬುಧವಾರದೊಳಗೆ ಕಲ್ಲೂ ಬೇಕು, ಕಳ್ಳನೂ ಬೇಕು. ಬರೀ ಕಲ್ಲು ಸಿಕ್ಕರೆ ಪತ್ರಿಕೆಯವರು ಬಿಡುವುದಿಲ್ಲ ಎಂದರು.

ಭವನವೆಂದರೆ ಹಳೆಯ ಶಾಲೆಯ ಎರಡು ಕೋಣೆಗಳಿಗೆ ಹೊಸ ಮುಖ ಕೂರಿಸಿದ ಕಟ್ಟಡ. ನಡುಮನೆಯಲ್ಲಿ ಕರಿಕಲ್ಲಿನ ಪೀಠ, ಮೇಲೆ ಸಾಲು ಬಿಳಿ ದೀಪ. ಪೀಠ ಖಾಲಿಯಿತ್ತು. ಹಿಂಬಾಗಿಲ ಬೀಗ ಒಡೆದಿರಲಿಲ್ಲ. ಕ್ಯಾಮೆರಾಗಳು ಗೋಡೆಯ ಮೇಲಿದ್ದವು, ವೈರು ಎಳೆದಿರಲಿಲ್ಲ. ಉದ್ಘಾಟನೆಯ ಹಿಂದಿನ ದಿನ ಎಳೆಯುವುದಿತ್ತಂತೆ. ಕಲ್ಲಿನ ಸುತ್ತ ಇದ್ದ ಗಾಜಿನ ಪೆಟ್ಟಿಗೆಯ ತಿರುಪುಗಳನ್ನು ಬಿಚ್ಚಿ ಒಂದು ಬಟ್ಟಲಲ್ಲಿ ಹಾಕಿಟ್ಟಿದ್ದರು. ಗಾಜನ್ನು ಗೋಡೆಗೆ ಒರಗಿಸಿ, ಮೂಲೆ ಒಡೆಯದಿರಲೆಂದು ಕೆಳಗೆ ಮಡಿಸಿದ ಟವೆಲ್ ಕೊಟ್ಟಿದ್ದರು.

"ನಮ್ಮನೆ ಪೇಂಟರ್‌ಗೂ ಇಷ್ಟು ಬುದ್ಧಿ ಇಲ್ಲ ಮೇಡಂ" ಎಂದ ಹೆಡ್ ಕಾನ್‌ಸ್ಟೆಬಲ್ ಬ್ಯಾಟರಾಯಪ್ಪ.

ಆಶಾರಾಣಿ ಪೀಠದ ಹಿಂದೆ ಮಂಡಿಯೂರಿದಳು. ಹೊಸ ನೆಲದ ಮೇಲೆ ಇರುವೆಸಾಲು ಹಿಂಬಾಗಿಲಿಂದ ನೆಟ್ಟಗೆ ಪೀಠದ ಬುಡಕ್ಕೆ ಹರಿದಿತ್ತು. ಅಲ್ಲಿ ನಿಂಬೆಹಣ್ಣಿನ ಗಾತ್ರದ ಹಿಟ್ಟಿನ ಉಂಡೆ. ನಡುವೆ ಹೆಬ್ಬೆರಳಿನಿಂದ ಮಾಡಿದ ಗುಳಿ, ಗುಳಿಯಲ್ಲಿ ತುಪ್ಪದ ಜಿಡ್ಡು, ತುದಿ ಕಪ್ಪಾದ ಬತ್ತಿ. ದೊಡ್ಡಬಳ್ಳಾಪುರದ ಕಡೆಯವಳಾದ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಕ್ಕಿಹಿಟ್ಟು, ಬೆಲ್ಲ ಕಲಸಿ ದೀಪ ಮಾಡಿ ದೇವರಿಗೆ ಬೆಳಗುವ ತಂಬಿಟ್ಟು.

"ವಿಗ್ರಹ ಮಾರೋ ಕಳ್ಳರು ಆರತಿ ಎತ್ತಿ ಹೋಗ್ತಾರೇನ್ರೀ?"

"ಅಂಥ ಕಳ್ಳರು ಸಿಕ್ಕರೆ ನಾನೇ ಮಂಗಳಾರತಿ ತಟ್ಟೆ ಹಿಡೀತೀನಿ" ಎಂದು ಬ್ಯಾಟರಾಯಪ್ಪ ಉಂಡೆಯನ್ನು ಪೊಟ್ಟಣಕ್ಕೆ ಹಾಕಿ ಪಂಚನಾಮೆಯಲ್ಲಿ ಬರೆದುಕೊಂಡ. ಪಂಚರಿಬ್ಬರೂ ಸಹಿ ಹಾಕಿದರು.

ಈ ಕಲ್ಲಿಗೆ ತಂಬಿಟ್ಟು ಮಾಡುವವರು ಯಾರು ಎಂದು ಕೇಳಿದರೆ ಮುನೇಶ್ ಮೊದಲು ನೆಲ ನೋಡಿದ. ಆಮೇಲೆ ದ್ರೌಪದಮ್ಮನ ಮನೆಯ ದಾರಿ ಹೇಳಿದ. ಹೋದ ವರ್ಷ ಅವಳು ತಟ್ಟೆ ಹಿಡಿದು ಬಂದಾಗ ಹೊಗೆಯಾದರೆ ಅಲಾರಾಂ ಕೂಗುತ್ತದೆಂದು ಸೆಕ್ಯುರಿಟಿಯವರು ಒಳಗೆ ಬಿಟ್ಟಿರಲಿಲ್ಲವಂತೆ. ಈ ವರ್ಷವೂ ಬಿಡುವಂತಿಲ್ಲವೆಂದು ಕಂಪನಿಯಿಂದ ಬರವಣಿಗೆಯಲ್ಲೇ ಬಂದಿತ್ತು.

"ಅವತ್ತು ಬಾಗಿಲಲ್ಲಿ ನಿಂತಿದ್ದೋನು ನಾನೇ ಮೇಡಂ" ಎಂದ.

ಅಲ್ಲಿಗೆ ಹೋಗುವ ಮೊದಲು ಭವನವನ್ನು ಕಟ್ಟಿಸಿದವರ ಹೇಳಿಕೆ ಪಡೆಯಬೇಕಿತ್ತು. ವೆಂಕಟಸ್ವಾಮಿ ಮೇಷ್ಟ್ರು ತಾವೇ ಬಂದರು. ಎಪ್ಪತ್ತು ದಾಟಿದ, ಬಿಳಿ ಅಂಗಿಯ, ಸಣ್ಣ ಆಳು. ಕಂಪನಿ ಬಂದ ಮೇಲೆ ಅವರು ಗೌರವ ಸಲಹೆಗಾರರು. ಹೆಸರು ಫಲಕದ ಮೇಲಿತ್ತು, ಸಲಹೆ ಯಾರೂ ಕೇಳುತ್ತಿರಲಿಲ್ಲ. ಕಲ್ಲಿನ ಅಳತೆ, ಫೋಟೋ ಎಲ್ಲವನ್ನೂ ಅವರು ಕೇಳುವ ಮೊದಲೇ ಕೊಟ್ಟರು. ಹೋಟೆಲುಗಳ ಬಾಗಿಲಲ್ಲಿ ನಿಲ್ಲಿಸಲು ಕಂಪನಿಯವರು ಈ ಕಲ್ಲಿನ ನಕಲುಗಳನ್ನು ಮಾಡಿಸಿದ್ದಾರೆ, ಫೋಟೋ ನೋಡಿ ಅಚ್ಚು ಮಾಡಿ ಕಲ್ಲಿನ ಹುಡಿಯಲ್ಲೇ ಎರಕ ಹೊಯ್ದವು, ಎದುರಿಗಿಟ್ಟರೆ ಗುರುತು ಹಿಡಿಯುವುದು ಕಷ್ಟ, ಸಿಕ್ಕ ಕಲ್ಲನ್ನು ಸರಿಯಾಗಿ ನೋಡಿ ಎಂದು ಎಚ್ಚರಿಕೆಯನ್ನೂ ಹೇಳಿದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು:

"ಮಂಗಳವಾರದೊಳಗೆ ಸಿಗಬಹುದಾ ಮೇಡಂ?"

ಉದ್ಘಾಟನೆ ಬುಧವಾರ ಅಲ್ಲವೇ ಎಂದಳು ಆಶಾರಾಣಿ. ಹೌದು, ಬುಧವಾರ ಎಂದು ಅವರು ಹೊರಟುಹೋದರು.

ದ್ರೌಪದಮ್ಮನ ಮನೆ ಹೊಸ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಅಂಟಿಕೊಂಡಿದ್ದ ಹೆಂಚಿನ ಮನೆ. ಗೋಡೆಯ ಮೇಲೆ ಮಗ ಸುರೇಶನ ಫೋಟೋ. ಹಾರ ಇನ್ನೂ ಹೊಸದು. ಹೋದ ಯುಗಾದಿ ಕಳೆದು ಎರಡು ತಿಂಗಳಿಗೆ ಹೆಬ್ಬಾಳದ ಫ್ಲೈಓವರ್ ಮೇಲೆ ಅವನ ಬೈಕಿಗೆ ಟ್ಯಾಂಕರ್ ತಗುಲಿತ್ತು. ಸೊಸೆ ರಾಣಿ, ಇನ್ನೂ ಮೂವತ್ತು ತುಂಬದವಳು, ಚಾಪೆ ಹಾಸಿ ಒಳಬಾಗಿಲಲ್ಲಿ ನಿಂತಳು.

ಆರತಿಯ ವಿಷಯ ಕೇಳಿದರೆ ಮುದುಕಿ ನಿಧಾನವಾಗಿ ಹೇಳಿದಳು. ಕಾವಲಪ್ಪನ ಹೆಂಡತಿ ಗಂಡ ಸತ್ತ ಮರುವರ್ಷ ತಾನೇ ತಂಬಿಟ್ಟು ಮಾಡಿ ಬೆಳಗಿದಳಂತೆ. ಅಂದಿನಿಂದ ಈ ಕಲ್ಲಿಗೆ ಆರತಿ ಎತ್ತುವವಳು ಆ ಮನೆಯ ಗಂಡನಿಲ್ಲದ ಹೆಂಗಸು. ಬೇರೆಲ್ಲ ದೇವರ ಮುಂದೆ ಹಿಂದೆ ನಿಲ್ಲಬೇಕಾದವಳಿಗೆ ಅವತ್ತೊಂದು ದಿನ ಊರೇ ದಾರಿ ಬಿಡುತ್ತದೆ. ತಟ್ಟೆಯನ್ನು ಕೈಯಿಂದ ಕೈಗೆ ಕೊಡುವುದೂ ಕಲ್ಲಿನ ಮುಂದೆಯೇ. ಒಂದು ವರ್ಷ ತಪ್ಪಿದರೆ ಮರುವರ್ಷ ಎರಡು ದೀಪ ಇಟ್ಟು ತಪ್ಪೊಪ್ಪಿಕೊಳ್ಳಬಹುದು.

"ಎಲ್ಡ್ನೇ ವರ್ಸಾನೂ ತಪ್ಪುದ್ರೆ?" ಎಂದಳು ಆಶಾರಾಣಿ.

"ಅಲ್ಲಿಗೆ ಮುಗೀತು ಕಣವ್ವಾ. ನಮ್ಗೂ ಅವುನ್ಗೂ ಸಂಬಂದ ಇಲ್ಲ. ನಾನು ಓಗ್ತೀನಿ, ಬುಡು. ಇವ್ಳಿಗೆ ಏನ್ ಉಳೀತದೆ?" ಎಂದು ಸೊಸೆಯ ಕಡೆ ಗಲ್ಲ ಎತ್ತಿದಳು. ತಾನು ಮುದುಕಿಯ ಮಾತಿನ ಧಾಟಿಯಲ್ಲೇ ಕೇಳಿದ್ದೆನೆಂದು ಆಶಾರಾಣಿಗೆ ಆಗ ತಿಳಿಯಿತು. ಊರಿನ ಮಾತು ಹಾಗೆ ಬಾಯಿಗೆ ಬಂದು ಎಷ್ಟೋ ವರ್ಷವಾಗಿತ್ತು.

"ಓದ್ ವರ್ಸ ಬಾಕ್ಲಾಗೇ ನಿಂತು ಇಣುಕ್ದೆ. ಆ ಬಿಳೀ ಲೈಟ್ನಾಗೆ ಅವ್ನ ಕಾಲತ್ರದ ಕರುನೇ ಕಾಣಾಕಿಲ್ಲ. ಎಂಗೋ ಆಗ್ಬುಟ್ಟವ್ನೆ ಅನ್ಕೊಂಡೆ."

ಕರು ಎಲ್ಲಿದೆ, ಫೋಟೋದಲ್ಲಿಲ್ಲವಲ್ಲ ಎಂದು ಬ್ಯಾಟರಾಯಪ್ಪ ಗೊಣಗಿದ. ಆಶಾರಾಣಿ ಪೊಟ್ಟಣ ಬಿಚ್ಚಿ ಉಂಡೆ ತೋರಿಸಿದಳು. ದ್ರೌಪದಮ್ಮ ಅಂಚು ಮುರಿದು ಬೆರಳಲ್ಲಿ ತಿಕ್ಕಿ ಮೂಸಿದಳು.

"ನಮ್ಮನೇದಲ್ಲ. ಅಕ್ಕಿ ಉರ್ದಿಲ್ಲ, ಬರೀ ಅಸಿ ಇಟ್ಟು. ಬೆಲ್ಲಾನೂ ಗಂಟುಗಂಟು ಅದೆ. ಇದು ಎಂಗಸ್ರು ಮಾಡಿದ್ದಲ್ಲ ತಕ್ಕೋ."

"ಯಾರು ಮಾಡಿರಬಹುದು?"

ಮುದುಕಿ ಕೈ ಒರೆಸಿಕೊಂಡಳು. ರಾಣಿ ಒಳಗೆ ಹೋದಳು. ಅವರಿಬ್ಬರಿಗೂ ಗೊತ್ತು, ಹೇಳುವುದಿಲ್ಲ ಎಂಬುದು ಆಶಾರಾಣಿಗೆ ಸ್ಪಷ್ಟವಾಯಿತು. ಒತ್ತಾಯಿಸಲಿಲ್ಲ. ಬಾಯಿ ಬಿಡಿಸುವುದಕ್ಕಿಂತ ಗಾಡಿ ಹುಡುಕುವುದು ಸುಲಭ ಎನಿಸಿತು. ಆ ಕಲ್ಲನ್ನು ಯಾರೂ ಕಂಕುಳಲ್ಲಿ ಇಟ್ಟುಕೊಂಡು ಹೋಗಿರಲಾರರು.

ಶನಿವಾರ ರಂಜಾನ್. ಅಂಗಡಿಗಳು ಅರ್ಧ ಮುಚ್ಚಿದ್ದವು. ಬ್ಯಾಟರಾಯಪ್ಪ ಬೇಕರಿ, ಮೆಡಿಕಲ್ ಶಾಪು, ಎಟಿಎಂ ಎಂದು ಕ್ಯಾಮೆರಾ ಇದ್ದಲ್ಲೆಲ್ಲ ಹೋಗಿ ಕೂತು ನೋಡಿ ಕಣ್ಣು ಕೆಂಪು ಮಾಡಿಕೊಂಡು ಬಂದ. ಎಸಿಪಿ ಸಾಹೇಬರು ಎರಡು ಸಲ ಫೋನು ಮಾಡಿದರು. ಭಾನುವಾರ ಒಂದು ಬೇಕರಿಯ ಕ್ಯಾಮೆರಾದಲ್ಲಿ ಯುಗಾದಿಯ ದಿನ ಬೆಳಕು ಹರಿಯುವ ಮೊದಲೇ ಹಿಂಬದಿ ಟಾರ್ಪಾಲು ಕಟ್ಟಿಕೊಂಡು ನಿಧಾನವಾಗಿ ಹೋಗುವ ಟೆಂಪೋ ಕಂಡಿತು. ಅದು ದ್ರೌಪದಮ್ಮನ ಗಲ್ಲಿಗೆ ತಿರುಗಿತು. ಸ್ವಲ್ಪ ಹೊತ್ತಿಗೆ ಹಾಗೇ ಹಿಂದಕ್ಕೆ ಬಂತು. ಟಾರ್ಪಾಲು ಬಿಚ್ಚಿರಲಿಲ್ಲ.

ಟೆಂಪೋ ಜಹೀರನದು. ಹಬ್ಬಕ್ಕೆ ಕೋಲಾರದ ಅತ್ತೆಮನೆಗೆ ಹೋಗಿದ್ದವನು ಸೋಮವಾರ ಮಧ್ಯಾಹ್ನ ಬಂದ. ಬಂದವನನ್ನು ಹಾಗೇ ಠಾಣೆಗೆ ಕರೆತಂದರು. ಐವತ್ತು ದಾಟಿದ ಮನುಷ್ಯ, ಮೈಮೇಲೆ ಹಬ್ಬದ ಹೊಸ ಜುಬ್ಬಾ. ಬೆಂಚಿನ ಮೇಲೆ ಕೂರುವ ಮೊದಲು ಬೆಂಚು ಒರೆಸಿದ.

"ಗುರುವಾರ ಬೆಳಿಗ್ಗೆ ಎಲ್ಲಿದ್ದೆ?"

"ರೋಜಾ ಅಲ್ವಾ, ಬೆಳಗಾಗೋಕ್ ಮುಂಚೆ ಸಹರಿ ಊಟ ಮಾಡಿ ಎದ್ದಿದ್ದೆ ಮೇಡಂ. ಎದ್ದೋನನ್ನ ಯಾರಾದ್ರೂ ಕರೀತಾರೆ, ಹೋದೆ."

"ಏನು ಹೊತ್ತೆ?"

"ಕಲ್ಲು."

"ಕದ್ದ ಕಲ್ಲು ಅಂತ ಗೊತ್ತಿತ್ತಾ?"

ಜಹೀರ್ ಟೋಪಿಯನ್ನು ಮಡಿಸಿ ಜೇಬಿಗಿಟ್ಟ. "ರೋಡ್ ಮಾಡುವಾಗ ಆ ಕಲ್ಲನ್ನ ಸ್ಕೂಲ್‌ಗೆ ತಂದ್ ಇಳ್ಸಿದ್ದೂ ನಾನೇ ಮೇಡಂ. ಬಾಡಿಗೆ ತಗೊಂಡಿಲ್ಲ ಅವಾಗ್ಲೂ, ಇವಾಗ್ಲೂ. ಇಟ್ಟೋರೇ ತಗೊಂಡ್ರು. ನಾನ್ ಗಾಡಿ ಓಡಿಸ್ದೆ, ಅಷ್ಟೇ. ನನ್ ಹೆಸರು ಬರ್ಕೊಳ್ಳಿ. ಅವರದು ನನ್ ಬಾಯಿಂದ ಬೇಡ."

ಹೆಸರು ಬೇಕಿರಲಿಲ್ಲ. ಆ ಕಲ್ಲನ್ನು ಶಾಲೆಗೆ ತಂದು ಇಟ್ಟವರು ಯಾರೆಂದು ಭವನದ ಫಲಕದ ಮೇಲೇ ಕೆತ್ತಿತ್ತು. ಜಹೀರನಿಂದ ಉಳಿದದ್ದನ್ನೂ ಕೇಳಿ ಬರೆದುಕೊಂಡಳು. ಜೆಸಿಬಿಯ ಮುಂದೆ ಕೊಟ್ಟ ಮಾತು ಅವಳಿಗೆ ಗೊತ್ತಾದದ್ದು ಆಗ. ಗಲ್ಲಿಯಿಂದ ಟೆಂಪೋ ಯಾಕೆ ಹಿಂದಕ್ಕೆ ಬಂತೆಂಬುದೂ ಆಗಲೇ ಗೊತ್ತಾಯಿತು. ದ್ರೌಪದಮ್ಮ ಬಾಗಿಲು ತೆರೆದು, ಟಾರ್ಪಾಲಿನ ಮೇಲೆ ಕೈಯಿಟ್ಟು, ಇಳಿಸಬೇಡಿ ಎಂದಿದ್ದಳು. ಕಳ್ಳರನ್ನು ತಡೆಯಲು ಹೋಗಿ ಸತ್ತವನನ್ನೇ ಕದ್ದುಕೊಂಡು ಬಂದಿರಲ್ಲ ಮೇಷ್ಟ್ರೇ, ಕಳವಿನ ಕಲ್ಲಿಗೆ ನಾನು ಹೇಗೆ ಆರತಿ ಎತ್ತಲಿ ಎಂದಿದ್ದಳು. ಮೇಷ್ಟ್ರು ಗಾಡಿ ಹಿಂದಕ್ಕೆ ತಿರುಗಿಸಲು ಹೇಳಿದರಂತೆ.

ಸಂಜೆ ಐದಕ್ಕೆ ಪಂಚರನ್ನು ಕರೆದುಕೊಂಡು ಸಹಕಾರನಗರದ ಅವರ ಮನೆಗೆ ಹೋದರು. ಹೆಂಡತಿ ಇಲ್ಲದ, ಒಬ್ಬರೇ ಇರುವ ಮನೆ. ಬಾಗಿಲು ತೆಗೆಯುವ ಮೊದಲೇ ಸೀದ ವಾಸನೆ ಬಂತು. ಮೇಷ್ಟ್ರ ಕೈ ಮೊಣಕೈವರೆಗೂ ಹಿಟ್ಟಾಗಿತ್ತು. ಒಲೆಯ ಮೇಲೆ ಬಾಣಲೆ, ಅದರಲ್ಲಿ ಅರ್ಧ ಕರಕಲಾದ ಅಕ್ಕಿ. ಅಡುಗೆಮನೆಯ ಪೂರ್ವದ ಗೋಡೆಗೆ ಕಾವಲಪ್ಪ ಒರಗಿ ನಿಂತಿದ್ದ.

"ಹುರಿಯೋದು ಎಷ್ಟು ಹೊತ್ತು ಅಂತ ನಿಮಗೆ ಗೊತ್ತಾ ಮೇಡಂ?" ಎಂದು ಕೇಳಿದರು. "ಮೂರು ಸಲ ಸೀದುಹೋಯ್ತು."

ಆಶಾರಾಣಿ ಮೊದಲು ಒಲೆ ಆರಿಸಿದಳು.

ಹೇಳಿಕೆ ಕೊಡಲು ಅವರು ತಡಮಾಡಲಿಲ್ಲ. ಹಿಂಬಾಗಿಲ ಬೀಗ ಶಾಲೆಯ ಕಾಲದ್ದು, ಅದರ ಇನ್ನೊಂದು ಕೀಲಿ ಅವರ ಬಳಿಯೇ ಉಳಿದಿತ್ತು. ಅಲಾರಾಂ ಆರಿಸಿ, ಕಲ್ಲು ಎತ್ತುವ ಮೊದಲು ತಪ್ಪಾಯಿತೆಂದು ಆ ಹಸಿಹಿಟ್ಟಿನ ದೀಪ ಹಚ್ಚಿಟ್ಟವರೂ ಅವರೇ. ಕಂಪನಿಗೆ ಎಷ್ಟೋ ಸಲ ಹೋಗಿ ಕೇಳಿಕೊಂಡಿದ್ದರು. ದೀಪ ಒಂದೇ ಕ್ಷಣ, ಅಲಾರಾಂ ಆರಿಸಿ, ನಾನೇ ನೀರಿನ ಬಕೆಟ್ ಹಿಡಿದು ನಿಲ್ಲುತ್ತೇನೆ ಎಂದಿದ್ದರು. ಬೇಕಾದರೆ ಪ್ರವಾಸಿಗಳ ಬಸ್ಸು ಬರುವ ದಿನ ಆರತಿಯ ಪ್ರದರ್ಶನ ಇಡೋಣ, ಸಂಘದ ಹುಡುಗಿಯರು ಮಾಡುತ್ತಾರೆ ಎಂದು ಕಂಪನಿಯವರು ಉತ್ತರ ಕೊಟ್ಟಿದ್ದರು.

"ನಾನು ತಾನೇ ಬಸ್ಸು ಬರಲಿ, ಜನ ನೋಡಲಿ ಅಂತ ಇಪ್ಪತ್ತು ಕಚೇರಿ ಸುತ್ತಿದ್ದು" ಎಂದರು ಮೇಷ್ಟ್ರು. "ಜನ ಬರ್ತಾರೆ ಅಂತಾದಾಗ ಅವಳನ್ನೇ ಹೊರಗೆ ನಿಲ್ಲಿಸಿದೆ. ಮಗ ಸತ್ತ ದಿನ ಹೋದೆ. ನನ್ನ ನೋಡಿ ಒಂದು ಮಾತೂ ಆಡಲಿಲ್ಲ. ಬೈದಿದ್ರೆ ಬದುಕ್ತಿದ್ದೆ ಮೇಡಂ."

ಅವಳು ಬೇಡವೆಂದ ಮೇಲೆ ಕಲ್ಲನ್ನು ವಾಪಸು ಇಡಬಹುದಿತ್ತಲ್ಲ ಎಂದು ಬ್ಯಾಟರಾಯಪ್ಪ ಕೇಳಿದ. ವಾಪಸು ಇಟ್ಟರೆ ಗಾಜು ಮತ್ತೆ ಮುಚ್ಚುತ್ತದೆ. ಅವಳು ಎತ್ತದಿದ್ದರೆ ತಾನಾದರೂ ಮಂಗಳವಾರ ಬೆಳಗೋಣ, ಪೂರ್ತಿ ತಪ್ಪುವುದಕ್ಕಿಂತ ಅದು ಮೇಲು ಎಂದುಕೊಂಡಿದ್ದರು. ಅದು ಲೆಕ್ಕಕ್ಕೆ ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು.

ನೋಟಿಸ್ ಕೊಟ್ಟು ಮನೆಯಲ್ಲೇ ಬಿಡಬಹುದಾದ ಕೇಸು. ಆಶಾರಾಣಿ ಫೋನಿನಲ್ಲಿ ಹಾಗೆಂದು ಹೇಳಿಯೂ ನೋಡಿದಳು. ಎಸಿಪಿ ಸಾಹೇಬರು ಬುಧವಾರ ಎಂಬ ಒಂದೇ ಶಬ್ದ ಹೇಳಿ ಫೋನಿಟ್ಟರು. ಸಂಜೆ ಆರೂಮುಕ್ಕಾಲಿಗೆ ವೆಂಕಟಸ್ವಾಮಿಯವರ ಬಂಧನವಾಯಿತು. ಕಲ್ಲಿಗೆ ಬಿಳಿಬಟ್ಟೆ ಸುತ್ತಿ, ಅರಗು ಹಾಕಿ, ಜಪ್ತಿ ಮಾಡಿದ ವಸ್ತುಗಳನ್ನಿಡುವ ಮುದ್ದೆಮಾಲು ಕೋಣೆಗೆ ಸೇರಿಸಿದರು. ಅದು ಕಿಟಕಿಯಿಲ್ಲದ ಕೋಣೆ. ಲಾಕಪ್ಪಿನ ಎದುರಿಗೇ ಇತ್ತು. ಮೇಷ್ಟ್ರು ಸರಳು ಹಿಡಿದು, ನಾಳೆ ಮಂಗಳವಾರ ಎಂದು ಒಂದು ಸಲ ಹೇಳಿದರು. ಆಮೇಲೆ ಗೋಡೆಯ ಕಡೆ ತಿರುಗಿ ಕೂತರು.

ಮಂಗಳವಾರ ಹನ್ನೊಂದಕ್ಕೆ ಆರೋಪಿಯನ್ನೂ ಕಲ್ಲನ್ನೂ ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕಿತ್ತು. ಅಲ್ಲಿಗೆ ಹೋದ ಕಲ್ಲು ಎಷ್ಟು ವರ್ಷ ಅಲ್ಲಿರುತ್ತದೋ ಹೇಳುವವರಿಲ್ಲ. ಕಂಪನಿಯವರು ಆಗಲೇ ಬುಧವಾರಕ್ಕೆ ನಕಲನ್ನೇ ಪೀಠದ ಮೇಲೆ ನಿಲ್ಲಿಸುವ ಏರ್ಪಾಟು ಮಾಡಿದ್ದರು. ಮುನೇಶ್ ಎಂಟು ಗಂಟೆಗೇ ಠಾಣೆಗೆ ಬಂದು, ಬಟ್ಟೆ ಸುತ್ತಿದ ಕಲ್ಲಿನ ಎದುರು ನಿಂತು, ಇದು ಅಸಲೋ ನಕಲೋ ತಾನು ಪ್ರಮಾಣ ಮಾಡಿ ಹೇಳಲಾರೆ ಎಂದ. ಅಳತೆ ಒಂದೇ, ಫೋಟೋ ಒಂದೇ.

ಆಶಾರಾಣಿ ಆ ಮಾತನ್ನು ಎರಡು ಸಲ ಹೇಳಿಸಿದಳು. ಬರೆಸಿಕೊಂಡು ಸಹಿ ಹಾಕಿಸಿದಳು.

"ಬ್ಯಾಟರಾಯಪ್ಪ, ಗುರುತು ಪತ್ತೆ ಪಂಚನಾಮೆ ಮಾಡಬೇಕು. ದ್ರೌಪದಮ್ಮನಿಗೂ ಸೊಸೆಗೂ ಸಾಕ್ಷಿ ಅಂತ ನೋಟಿಸ್ ಕೊಡಿ. ಅವರು ಕಲ್ಲನ್ನ ಹೇಗೆ ಗುರುತು ಹಿಡೀತಾರೋ ಅದಕ್ಕೆ ಬೇಕಾದ್ದನ್ನ ತರೋಕೆ ಹೇಳಿ."

ಹೆಡ್ ಕಾನ್‌ಸ್ಟೆಬಲ್ ಅವಳ ಮುಖ ನೋಡಿದ. "ಹಂಗೇ ಬರೀಲಾ ಮೇಡಂ?"

"ಹಂಗೇ ಬರೀರಿ."

ಒಂಬತ್ತೂವರೆಗೆ ಅವರು ಬಂದರು. ಮುದುಕಿ ಮಡಿಸೀರೆ ಉಟ್ಟಿದ್ದಳು. ರಾಣಿಯ ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಠಾಣೆಯ ಮೆಟ್ಟಿಲ ಮೇಲೆ ನಿಂತು ದ್ರೌಪದಮ್ಮ ಕೇಳಿದಳು:

"ಇವಾಗ ಇದು ಕಳವಿನ ಮಾಲಾ ತಾಯಿ?"

"ಅಲ್ಲ. ಕಾಯಿದೆ ಪ್ರಕಾರ ಸಿಕ್ಕಿರೋ ಮಾಲು. ಈಗ ಸರ್ಕಾರದ ಕಾವಲಿನಲ್ಲಿದೆ."

ಮುದುಕಿ ಒಳಗೆ ಬಂದಳು. ಪಂಚರ ಸಮಕ್ಷಮ ಅರಗು ಒಡೆದು ಬಟ್ಟೆ ಬಿಚ್ಚಿದರು. ಆಶಾರಾಣಿ ಟ್ಯೂಬ್‌ಲೈಟ್ ಆರಿಸಿದಳು. ತಟ್ಟೆಯಲ್ಲಿ ಎರಡು ತಂಬಿಟ್ಟಿನ ದೀಪಗಳಿದ್ದವು. ದ್ರೌಪದಮ್ಮ ಅವನ್ನು ಹಚ್ಚಿ, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಲ್ಲಿನ ಮುಂದೆ ಒಂದು ಸಲ ನಿಧಾನವಾಗಿ ಸುತ್ತಿದಳು. ಆಮೇಲೆ ಸೊಸೆಯ ಕೈಗೆ ಕೊಟ್ಟಳು. ರಾಣಿ ತಟ್ಟೆಯನ್ನು ಎದೆಮಟ್ಟಕ್ಕೆ ಎತ್ತಿದಳು. ಲಾಕಪ್ಪಿನ ಮುಂದಿದ್ದ ಪೇದೆ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟ.

"ಕೆಳೀಕೆ ಇಡಿ ಮಗಾ. ಇನ್ನೂ ಕೆಳೀಕೆ."

ತಟ್ಟೆ ನೆಲದ ಮಟ್ಟಕ್ಕೆ ಇಳಿದಾಗ ಬೆಳಕು ಕಲ್ಲಿನ ಮೇಲೆ ಅಡ್ಡಕ್ಕೆ ಹರಿಯಿತು. ವೀರನ ಎಡಗಾಲಿನ ಬಳಿ, ಸವೆದು ನುಣ್ಣಗಾಗಿದ್ದ ಜಾಗದಲ್ಲಿ, ಒಂದು ಕಿವಿ ಎದ್ದಿತು. ಆಮೇಲೆ ಬೆನ್ನು, ನಾಲ್ಕು ಸಣ್ಣ ಕಾಲು. ಕತ್ತು ಎತ್ತಿ ಅವನ ಮುಖ ನೋಡುತ್ತಿದ್ದ ಕರು. ಫೋಟೋ ನೋಡಿ ಮಾಡಿದ ನಕಲುಗಳಲ್ಲಿ ಅದು ಇರಲಿಲ್ಲ. ಮುನೇಶ್ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ.

"ಇವ್ನೇ" ಎಂದಳು ದ್ರೌಪದಮ್ಮ.

ಎದುರಿನ ಸರಳುಗಳ ಹಿಂದೆ ಮೇಷ್ಟ್ರು ಎದ್ದು ನಿಂತಿದ್ದರು. ಮುದುಕಿ ಅವರ ಕಡೆ ನೋಡಲಿಲ್ಲ. ಹೊರಡುವಾಗ ಮಾತ್ರ ಒಂದು ತಂಬಿಟ್ಟು ಮುರಿದು, ಅರ್ಧವನ್ನು ಬ್ಯಾಟರಾಯಪ್ಪನ ಅಂಗೈಗೆ ಹಾಕಿ, ಅವರಿಗೆ ಕೊಡಿ ಎಂದು ಹೇಳಿ ಮೆಟ್ಟಿಲಿಳಿದಳು. ರಾಣಿ, ಮುಂದಿನ ವರ್ಷ ಕಲ್ಲು ಎಲ್ಲಿರುತ್ತದೆ ಎಂದು ಕೇಳಿದಳು. ಆಶಾರಾಣಿ ಕೇಸಿನ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು.

ಪಂಚನಾಮೆಯಲ್ಲಿ ಬ್ಯಾಟರಾಯಪ್ಪ ಬರೆದ: ಸಾಕ್ಷಿದಾರರು ತಾವು ತಂದ ದೀಪದ ಬೆಳಕಿನಲ್ಲಿ ಸದರಿ ಕಲ್ಲನ್ನು ಗುರುತಿಸಿರುತ್ತಾರೆ. ಹನ್ನೊಂದಕ್ಕೆ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಹದಿನಾಲ್ಕು ದಿನ ನ್ಯಾಯಾಂಗ ಬಂಧನವಾಯಿತು. ಕಲ್ಲು ನ್ಯಾಯಾಲಯದ ಉಗ್ರಾಣಕ್ಕೆ ಹೋಯಿತು.

ವೆಂಕಟಸ್ವಾಮಿ ಮೇಷ್ಟ್ರು ಕೊಟ್ಟ ಮಾತು, ಆ ವರ್ಷದ ಮಟ್ಟಿಗೆ, ಉಳಿಯಿತು.